ತೇಪೆ ಹಾಕುವವಳ ಸ್ನಾಯು

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಹಳೆಯ ಸೀರೆಗಳ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಆಯಿ ಹೊಲಿದ ಕೌದಿ ಇತ್ತು.

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯವಳು ಆಕೆ. ಓಣಿಗೆಲ್ಲ ಆಯಿ. ಹಳೆಯ ಸೀರೆ, ಮಗ್ಗದ ಮನೆಗಳ ತುಂಡು ಬಟ್ಟೆ ತಂದುಕೊಟ್ಟರೆ ಪಡಸಾಲೆಯ ತುಂಬ ಹಾಸಿ, ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು ಹೊಲಿಯುವಳು. ಮುಗಿದ ದಿನ ಕೊನೆಯ ಮೂಲೆಯೊಳಗೆ ಚೂರು ರೊಟ್ಟಿ ಇಟ್ಟು ಹೊಲಿಗೆ ಮುಚ್ಚುವಳು. "ಕೌದಿ ಹಸಿದ್ರ ಹೊದ್ದವರಿಗೆ ನಿದ್ದಿ ಹತ್ತೂದಿಲ್ಲ" ಎನ್ನುತ್ತಿದ್ದಳು.

ನಾನು ಆಗ ಜಮಖಂಡಿಯಲ್ಲಿ ನರ್ಸಿಂಗ್ ಹುಡುಗಿಯರಿಗೆ ಅಂಗರಚನೆಯ ಪಾಠ ಹೇಳುತ್ತಿದ್ದೆ. ಸೊಂಟದಿಂದ ತೊಡೆಯ ಮೇಲೆ ಓರೆಯಾಗಿ ಹಾದು ಮೊಣಕಾಲಿನ ಒಳಬದಿಗೆ ಇಳಿಯುವ ಉದ್ದನೆಯ ಸ್ನಾಯುವೊಂದಿದೆ, ಸಾರ್ಟೋರಿಯಸ್. ಲ್ಯಾಟಿನ್ನಿನಲ್ಲಿ ಸಾರ್ಟರ್ ಎಂದರೆ ದರ್ಜಿ. ಮೂಲಕ್ಕೆ ಹೋದರೆ, ಹರಿದದ್ದಕ್ಕೆ ತೇಪೆ ಹಾಕುವವ. ದರ್ಜಿಗಳು ಕೂರುವ ಹಾಗೆ ಕಾಲು ಮಡಚಲು ನೆರವಾಗುತ್ತದೆಂದು ಆ ಹೆಸರು. ಈ ಪಾಠ ಬಂದಾಗಲೆಲ್ಲ ಆಯಿಯೇ ಕಣ್ಣಮುಂದೆ ಬರುತ್ತಿದ್ದಳು...

ಒಂದು ದೀಪಾವಳಿಗೆ ಊರಿಗೆ ಹೋದಾಗ ಆಯಿ ಗೋಡೆ ಹಿಡಿದು ಏಳುತ್ತಿದ್ದಳು. ಮೊಣಕಾಲು ಬಾತಿತ್ತು. ನನಗೆಂದೇ ಹೊಲಿಯುತ್ತಿದ್ದ ಕೌದಿ ಪಡಸಾಲೆಯಲ್ಲಿ ಹಾಸಿತ್ತು. ಒಂದು ಮೂಲೆಯಷ್ಟೇ ಬಾಕಿ.

"ಆಯಿ, ಇನ್ನ ನೆಲದ ಮ್ಯಾಲ ಕುಂದ್ರಬ್ಯಾಡ ಬೇ. ಕುರ್ಚಿ ಮ್ಯಾಲ ಕುಂದ್ರು," ಎಂದೆ.

"ನೀ ಕಲ್ತಾಕಿ. ನೀ ಹೇಳಿದ್ರ ಖರೆನ ಇರಬೇಕು," ಎಂದವಳು ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟಳು.

ಕುರ್ಚಿಯ ಮೇಲೆ ಕೂತು ಕೌದಿ ಹೊಲಿಯಲು ಬರುವುದಿಲ್ಲ. ನನಗೇನು ಅದು ಗೊತ್ತಿರಲಿಲ್ಲವೇ? ನೋವು ಕಡಿಮೆಯಾದರೆ ಸಾಕೆಂದುಕೊಂಡೆ. ಕಡಿಮೆಯೂ ಆಯಿತು. ಆದರೆ ಆಮೇಲೆ ಹೋದಾಗಲೆಲ್ಲ ಆಯಿ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು... ಬಟ್ಟೆ ತರುವ ನೆಪದಲ್ಲಿ ಬಂದು ಹರಟುತ್ತಿದ್ದ ಹೆಂಗಸರೂ ಬರುತ್ತಿರಲಿಲ್ಲ. ನನ್ನ ಸಲಹೆಯಲ್ಲಿ ತಪ್ಪಿರಲಿಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪುವುದಿಲ್ಲ.

ಆಯಿ ತೀರಿಕೊಂಡ ಮೇಲೆ ಆಕೆಯ ಸೊಸೆ ಕೌದಿ ತಂದುಕೊಟ್ಟಳು. "ಅಕ್ಕಾರ, ಇದು ನಿಮ್ಮದ ಐತ್ರಿ. ನಾ ಮುಗಸ್ತೀನಂದ್ರ ಕೊಡಲಿಲ್ಲ. ಮತ್ತ ನೆಲದ ಮ್ಯಾಲ ಕುಂದ್ರು ಅಂತ ನೀವು ಹೇಳಿದ ದಿನ ನಾನ ಮುಗಸ್ತೀನಿ ಅಂತಿದ್ರು."

ಅಷ್ಟು ಸಲ ಹೋಗಿ ಬಂದಿದ್ದೆ. ನಾನು ಒಮ್ಮೆಯೂ ಆ ಮಾತು ಹೇಳಿರಲಿಲ್ಲ.

ಇವತ್ತು ಕೌದಿ ಹಾಸಿ, ಚೂರು ರೊಟ್ಟಿ ಪಕ್ಕದಲ್ಲಿಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ ಕೂತೆ. ಆಕೆ ಚುಚ್ಚಿಟ್ಟ ಸೂಜಿ ತುಕ್ಕು ಹಿಡಿದು ಅಲ್ಲೇ ಇತ್ತು. ಎಳೆಯಲು ಕೈ ಬರಲಿಲ್ಲ. "ಕುಂದ್ರು ಬೇ, ಆಯಿ," ಎಂದೆ. ಕೇಳಲು ಯಾರೂ ಇರಲಿಲ್ಲ.