ದೈವಾನೈ ಅತ್ತೆಯ ಕಲ್ಲಂಗಳ

ನನ್ನ ಅತ್ತೆ ದೈವಾನೈಯನ್ನು ಹೊಗಳಬೇಕೆಂದು ನನಗೇನೂ ಹಟವಿಲ್ಲ. ಅವಳ ಬಾಯಿ ಅಂಥಾದ್ದು. ಸಾರಿಗೆ ಉಪ್ಪು ಚಿಟಿಕೆ ಹೆಚ್ಚಾದರೆ ನನ್ನ ತವರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದಳು. ಆದರೂ ಅವಳಂಥ ಗಟ್ಟಿಗಿತ್ತಿಯನ್ನು ಈ ಕಂಬಂ ಕಣಿವೆಯಲ್ಲಿ ನಾನು ಬೇರೆ ಕಂಡಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಬೆಟ್ಟದ ಮೇಲೆ ಪೆರಿಯಾರ್ ಅಣೆ ಕಟ್ಟುತ್ತಿದ್ದ ಕಾಲ ಅದು. ಮದುವೆಯಾದ ಮುಂದಿನ ತಿಂಗಳೇ ನನ್ನ ಗಂಡ ತಂಗವೇಲ್ ಕಲ್ಲು ಹೊರುವ ಕೂಲಿಗೆ ಬೆಟ್ಟ ಹತ್ತಿದ. ಮನೆಯಲ್ಲಿ ಉಳಿದದ್ದು ಅತ್ತೆ, ನಾನು, ದೇವರ ಹಸು. ನಮ್ಮ ಹಟ್ಟಿಯ ಕನ್ನಡ ಮಂದಿಯಲ್ಲಿ ದೇವರಿಗೆ ಬಿಟ್ಟ ಹಸುವನ್ನು ಒಂದು ಮನೆಯವರು ಸಾಕಬೇಕು. ಅದರ ಹಾಲು ಮಾರುವಂತಿಲ್ಲ. ದೇವರಿಗೆ ಒಂದು ಗಿಂಡಿ, ಉಳಿದದ್ದು ಹಟ್ಟಿಯ ಎಳೆಗೂಸುಗಳಿಗೆ. ಹಾಲು ಕರೆಯುವವಳು ಬರಿಗಾಲಲ್ಲಿ, ಯಾರ ಕೈಯನ್ನೂ ಹಿಡಿಯದೆ ಹಸುವಿನ ಬಳಿಗೆ ನಡೆದು ಹೋಗಬೇಕು. ಕೈಯಲ್ಲಿ ಕೋಲಂತೂ ಇರಲೇಕೂಡದು. ದೇವರ ಹಸುವಿಗೆ ಕೋಲು ತೋರಿಸುವುದೇ ಅಪಚಾರ. ಹಾಗೆ ಹೋಗಲಾಗದಿದ್ದರೆ ಹಸುವನ್ನು ಬೇರೆ ಮನೆಗೆ ಕೊಡುತ್ತಾರೆ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಹಟ್ಟಿಯಲ್ಲಿ ಉಳಿದಿದ್ದ ಮರ್ಯಾದೆಯೆಂದರೆ ಆ ಹಸು. ಬೆಳಗಾದರೆ ಬಾಣಂತಿಯರ ಮನೆಯವರು ಗಿಂಡಿ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳ ಜೀವವೆಲ್ಲ ಅದರಲ್ಲೇ ಇತ್ತು.

ನಾನು ಆ ಮನೆಗೆ ಕಾಲಿಟ್ಟಾಗಲೇ ಅವಳ ಕಣ್ಣಿಗೆ ಪೊರೆ ಬಂದಿತ್ತು. ನನಗೆ ಗೊತ್ತಾದದ್ದು ಅಕ್ಕಿ ಆರಿಸುವಾಗ. ಕಲ್ಲನ್ನು ಮೊರದಲ್ಲೇ ಬಿಟ್ಟು ಅಕ್ಕಿಯನ್ನೇ ಹೆಕ್ಕಿ ಎಸೆಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮೊಣಕೈ ಹಿಡಿದು, "ಯಾರಿಗೂ ಹೇಳಬ್ಯಾಡ ಕಮಲಾ. ನಿನ್ ಗಂಡನಿಗೂ ಬ್ಯಾಡ. ಅವನ ಬಾಯಲ್ಲಿ ಎಳ್ಳು ನೆನೆಯಾಕಿಲ್ಲ," ಅಂದಳು. ಅದು ನಿಜವೇ.

ನಮ್ಮ ಅಂಗಳಕ್ಕೆ ಚಪ್ಪಡಿ ಕಲ್ಲು ಹಾಸಿತ್ತು. ಅಡುಗೆಮನೆ ಬಾಗಿಲಿನಿಂದ ಬಾವಿಗೆ, ಬಾವಿಯಿಂದ ಎಡಕ್ಕೆ ತಿರುಗಿ ಕೊಟ್ಟಿಗೆಗೆ. ನಡುವೆ ಹಿಡಿದುಕೊಳ್ಳಲು ಗೋಡೆಯಿಲ್ಲ, ಕಂಬವಿಲ್ಲ. ಕಣ್ಣು ಪೂರ್ತಿ ಹೋದ ಮೇಲೆ ಅತ್ತೆ ಕೊಟ್ಟಿಗೆಗೆಂದು ಹೊರಟು ಹುಲ್ಲಿನ ಬಣವೆಗೆ ಮುಖ ಕೊಡುತ್ತಿದ್ದಳು. ಕಲ್ಲೆಲ್ಲ ಕಾಲಿಗೆ ಒಂದೇ ಥರ ಸಿಗುತ್ತವೆ ಎಂದು ಕಲ್ಲಿಗೂ ಬೈದಳು. ಆಮೇಲೆ ಒಂದು ದಿನ ನನ್ನ ಕೈಯಲ್ಲಿ ಒಂದು ಮೊಳೆ ಕೊಟ್ಟು, ದಾರಿಯುದ್ದದ ಕಲ್ಲುಸಂದುಗಳ ಗಟ್ಟಿಮಣ್ಣು ಕೆರೆಯಲು ಕೂರಿಸಿದಳು.

ಬಾಗಿಲಿನಿಂದ ಬಾವಿಯವರೆಗೆ ಪುದೀನಾ, ಬಾವಿಯಿಂದ ಕೊಟ್ಟಿಗೆಯವರೆಗೆ ದೊಡ್ಡಪತ್ರೆ. ಬರಿಗಾಲು ತುಳಿದರೆ ಘಮ ಏಳುತ್ತದೆ. ಘಮ ಬದಲಾದರೆ ತಿರುಗಬೇಕು. ಇಷ್ಟೇ ಅವಳ ಲೆಕ್ಕಾಚಾರ. ಮೊದಲ ಸಲ ಬೇಸಿಗೆಯಲ್ಲಿ ನೆಟ್ಟು, ಕಾದ ಕಲ್ಲಿಗೆ ಎಲ್ಲ ಸುಟ್ಟುಹೋಯಿತು. ಐಪ್ಪಸಿ ತಿಂಗಳ ಹಿಂಗಾರು ಮಳೆ ಹಿಡಿದ ಮೇಲೆ ಮತ್ತೆ ಕೂತಳು. ಕಾಲುವೆಯ ಗೋಡು, ಹಳೇ ಗೊಬ್ಬರದ ಪುಡಿ ಕಲಸಿ ಸಂದಿಗೆ ತುಂಬಿ, ಗೆಣ್ಣು ಗೆಣ್ಣಾಗಿ ಪುದೀನಾ ಒತ್ತಿದಳು. ಪುದೀನಾ ತುಳಿದಷ್ಟೂ ನೆಲ ಕಚ್ಚಿಕೊಂಡು ಹಬ್ಬುತ್ತದೆ. ದೊಡ್ಡಪತ್ರೆಯ ಕಡ್ಡಿ ಮುರಿದು ಕೊಳೆಯುತ್ತದೆ, ಅದಕ್ಕೇ ಹಿಮ್ಮಡಿ ತಾಗಿಯೂ ತಾಗದ ಹಾಗೆ ಕಲ್ಲಿನ ಅಂಚಿಗೆ ನೆಟ್ಟಳು. ಎಲ್ಲವೂ ಬೆರಳಲ್ಲೇ ನೋಡಿ ಮಾಡಿದ್ದು. ಚಳಿಗಾಲ ಬರುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ, ಹದಿನೆಂಟರ ಹುಡುಗಿಯ ಹಾಗೆ ಕೊಟ್ಟಿಗೆಗೆ ಹೋಗುತ್ತಿದ್ದಳು. ಮುದುಕಿಗೆ ವಾಸನೆಯ ಹುಚ್ಚು ಎಂದು ಹಟ್ಟಿಯವರು ನಕ್ಕರು. ನಗಲಿ ಬಿಡು ಅಂದಳು.

ದನಗಳ ಹಬ್ಬ ಮಾಟು ಪೊಂಗಲ್ ಆದ ಮೇಲೆ ಹಿರಿಯರು ಹಸು ನೋಡಲು ಬರುವುದು ಪದ್ಧತಿ. ಆ ವರ್ಷ ತಂಗವೇಲ್ ರಜೆ ಕೇಳಿಕೊಂಡು ಬೆಟ್ಟದಿಂದ ಇಳಿದಿದ್ದ. ಆ ಬೆಳಿಗ್ಗೆ ಅತ್ತೆಯೂ ನಾನೂ ಹೊಳೆಗೆ ಹೋಗಿದ್ದೆವು. ಹಿರಿಯರು ಬರುತ್ತಾರೆ, ಅಂಗಳ ಚೊಕ್ಕವಾಗಿರಲಿ ಎಂದು ಪುಣ್ಯಾತ್ಮ ಸಂದಿನ ಸೊಪ್ಪನ್ನೆಲ್ಲ ಕಿತ್ತು ತಿಪ್ಪೆಗೆ ಎಸೆದು, ಮೇಲೆ ಸಗಣಿನೀರು ಸಾರಿಸಿದ್ದ. ನಾವು ಬರುವಾಗ ಮಾಯಾಂಡಿ ಗೌಡರೂ ಇನ್ನಿಬ್ಬರು ಹಿರಿಯರೂ ಆಗಲೇ ಜಗಲಿಯಲ್ಲಿದ್ದರು. ಹಾಲು ಕರೆಯಲಿ ಎಂದರು.

ಅಡುಗೆಮನೆ ಬಾಗಿಲಲ್ಲಿ ನನ್ನ ಭುಜ ಬಿಟ್ಟು ಅತ್ತೆ ಗಿಂಡಿ ತೆಗೆದುಕೊಂಡಳು. ಮೂಗಿಗೆ ಸಗಣಿಯ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ನಿಂತೇಬಿಟ್ಟಳು. ನಾನು ಒಂದು ಮಾತಾಡಿದರೂ ಮುಗಿಯಿತು, ಹಸು ಹೋಯಿತು. ಗಂಡನನ್ನು ಅಲ್ಲೇ ಬಾವಿಗೆ ತಳ್ಳುವಷ್ಟು ಸಿಟ್ಟು ಬಂತು ನನಗೆ.

ಅತ್ತೆ ಹೆಬ್ಬೆರಳನ್ನು ಕಲ್ಲಿನ ಮೇಲೆ ಜಾರಿಸಿದಳು. ಗಿಡ ಕಿತ್ತ ಸಂದು ಮೆತ್ತಗೆ, ಟೊಳ್ಳಾಗಿ ಸಿಕ್ಕಿತು. ಪಕ್ಕದ ಸಂದಿನಲ್ಲಿ ಹಳೇ ಗಟ್ಟಿಮಣ್ಣು. ಅವಳ ಮುಖ ಸಡಿಲಾಯಿತು. ಮೆತ್ತನೆಯ ಸಂದನ್ನೇ ಹಿಡಿದು ಸಾವಕಾಶ ನಡೆದಳು. ಬಾವಿಯ ಹತ್ತಿರ ದಾರಿ ತಪ್ಪಿತು. ಕಾಲನ್ನು ಸುತ್ತ ಆಡಿಸಿ, ಕಲ್ಲಿನ ಅಂಚಿನಲ್ಲಿ ದೊಡ್ಡಪತ್ರೆ ಕಿತ್ತ ಗುಳಿ ಸಿಕ್ಕಿದ ಮೇಲೆ ಎಡಕ್ಕೆ ತಿರುಗಿದಳು. ಹಸು ಅವಳ ತೋಳು ನೆಕ್ಕಿತು.

ಹಾಲು ತಂದಿಟ್ಟಳು. ಹಸು ಇಲ್ಲೇ ಇರಲಿ ಎಂದು ಗೌಡರು ಎದ್ದರು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ದೇವರ ಹಾಲು ಮುಂದಿಟ್ಟುಕೊಂಡು ಮುಚ್ಚಿಡಲು ಅವಳಿಗೆ ಆಗಲಿಲ್ಲ.

"ನಂಗೆ ಕಣ್ಣು ಕಾಣಾದಿಲ್ಲ ಗೌಡ್ರೇ. ಕೋಲು ಹಿಡಿದಿಲ್ಲ, ಕೈ ಹಿಡಿದಿಲ್ಲ. ಕಟ್ಟಳೆ ಏನಂತದೋ ನೀವೇ ಹೇಳಿ," ಅಂದಳು.

ಗೌಡರು ಮತ್ತೆ ಕೂತರು. ಉಳಿದ ಹಿರಿಯರ ಮುಖ ನೋಡಿದರು, ಅಂಗಳ ನೋಡಿದರು. ಕಟ್ಟಳೆಯಲ್ಲಿ ಕಣ್ಣಿನ ಮಾತೇ ಇಲ್ಲವೆಂದು ಹೇಳಿ, ಗಿಂಡಿಯನ್ನು ತಾವೇ ಎರಡೂ ಕೈಯಲ್ಲಿ ಎತ್ತಿಕೊಂಡು ಗುಡಿಗೆ ಹೊರಟರು.

ತಂಗವೇಲ್ ಮಾತ್ರ ಪೊರಕೆ ಹಿಡಿದು ನಿಂತಲ್ಲೇ ನಿಂತಿದ್ದ. ಆ ಸೊಪ್ಪು ಯಾಕಿತ್ತೆಂದು ನಾನು ಹೇಳಿದ ಮೇಲೆ ತಿಪ್ಪೆಗೆ ಓಡಿ ಬಾಡಿದ ಬೇರುಗಳನ್ನೆಲ್ಲ ಗೋರಿ ತಂದು, ಅತ್ತೆ ಬೈದು ತೋರಿಸಿದ ಕಡೆ ಒಂದೊಂದಾಗಿ ಒತ್ತತೊಡಗಿದ. ಅತ್ತೆಯೂ ಪಕ್ಕದಲ್ಲಿ ಕೂತು ಮಣ್ಣು ಅದುಮಿದಳು. ಅವನು ತಲೆಯೆತ್ತದೆ ಕೇಳಿದ: "ಅವ್ವಾ, ನನ್ ಮುಖ ನೀನು ಕಡೇಗೆ ನೋಡಿದ್ದು ಯಾವಾಗ?"

"ನಿನ್ ಮದ್ವೇಲಿ. ಆಗ್ಲೇ ಮಸುಕು. ಮೀಸೆ ಇನ್ನೂ ಸರಿಯಾಗಿ ಬಂದಿರ್ಲಿಲ್ಲ ನಿಂಗೆ."

ಅವನು ಅವಳ ಕೆಸರುಗೈಯನ್ನು ಎತ್ತಿ ತನ್ನ ಮುಖಕ್ಕೆ ಇಟ್ಟುಕೊಂಡ. ಅವಳ ಬೆರಳು ತುಟಿಯ ಮೇಲೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹರಿಯಿತು.

"ಬಂದದೆ," ಅಂದಳು ಅತ್ತೆ.