ಜಗಳಕ್ಕೊಬ್ಬ ಜೊತೆಗಾರ

ಬೇಸಿಗೆಯ ಕೊನೆ, ಬೆಳಗಿನ ಐದೂವರೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಮಳೆಗೆ ಮೂರು ವಾರ ಇದೆ ಎಂದು ರೇಡಿಯೋ ಹೇಳುತ್ತಿದೆ, ಆದರೆ ಗೇಟಪ್ಪ ರೇಡಿಯೋ ನಂಬಿ ಕೂರುವ ಪೈಕಿಯಲ್ಲ. ಹಳೇ ಬನಿಯನ್ನಿನ ತುಂಡನ್ನು ಗ್ರೀಸ್ ಡಬ್ಬಿಯಲ್ಲಿ ಅದ್ದಿ, ಎದೆಮಟ್ಟದ ಕಬ್ಬಿಣದ ಚಕ್ರದ ಹಲ್ಲುಹಲ್ಲಿಗೂ ಸವರುತ್ತಿದ್ದಾರೆ, ಮಗುವಿನ ತಲೆಗೆ ಎಣ್ಣೆ ಹಚ್ಚಿದ ಹಾಗೆ. ಚಕ್ರದ ಕೆಳಗೆ ದೊಡ್ಡ ಚರಂಡಿ. ಚರಂಡಿಗೆ ಅಡ್ಡಲಾಗಿ ಎರಡಾಳೆತ್ತರದ ಕಬ್ಬಿಣದ ಹಲಗೆ. ಚಕ್ರ ತಿರುಗಿಸಿದರೆ ಹಲಗೆ ಏಳುತ್ತದೆ, ಮೇಲೆ ನಿಂತ ನೀರು ಕೆಳಕ್ಕೆ ಹೋಗುತ್ತದೆ. ಯಂತ್ರ ಇಷ್ಟೇ.

ಗ್ರೀಸು ಹಚ್ಚಿದ ಮೇಲೆ ಒಮ್ಮೆ ತಿರುಗಿಸಿ ನೋಡಬೇಕು. ಚಕ್ರಕ್ಕೆ ಸರಪಳಿ ಸುತ್ತಿದೆ, ಸರಪಳಿಗೆ ಎರಡು ಬೀಗ. ಗೇಟಪ್ಪ ಅಂಗಿಯೊಳಗಿಂದ ಕೊರಳಿನ ದಾರ ಹೊರಗೆಳೆಯುತ್ತಾರೆ, ಅದರಲ್ಲಿ ಎರಡು ಬೀಗದ ಕೈ. ಪಕ್ಕದ ಕಾವಲು ಗೂಡಿನ ಮೊಳೆಯಲ್ಲಿದ್ದ ನೀಲಿ ಟೋಪಿ ಹಾಕಿಕೊಂಡು ಒಂದು ಬೀಗ ತೆಗೆಯುತ್ತಾರೆ. ಆ ಟೋಪಿ ಕಳಚಿ ಮೊಳೆಗೆ ಸಿಕ್ಕಿಸಿ, ಹಸಿರು ಟೋಪಿ ಹಾಕಿಕೊಂಡು ಇನ್ನೊಂದನ್ನು ತೆಗೆಯುತ್ತಾರೆ. ನೋಡುವುದಕ್ಕೆ ಕಟ್ಟೆಯ ಮೇಲೆ ಮಲಗಿದ ಒಂದು ನಾಯಿ ಮಾತ್ರ ಇದೆ. ಅದಕ್ಕೂ ಇದು ಹಳೇ ಸುದ್ದಿ.

"ನಗಬೇಡಿ. ನೀಲಿ ಮೇಲಿನ ಊರಿಂದು, ಹಸಿರು ಕೆಳಗಿನ ಊರಿಂದು. ಮೇಲಿನೂರಿನ ಬೀಗ ಮೇಲಿನೂರಿನ ಆಳೇ ತೆಗೀಬೇಕು ಅಂತ ಒಪ್ಪಂದ ಇದೆ. ಆಳು ನೋಡಿದ್ರೆ ನಾನೊಬ್ನೇ. ಅದಕ್ಕೆ ಟೋಪಿ ಎರಡು," ಎನ್ನುತ್ತಾರೆ, ಕೇಳಿದವರಿಗೆ.

ಗೇಟಿನ ಕೆಳಗೆ ಇಳಿಜಾರಿನ ಓಣಿ. ಎಡಗಡೆಯ ಹನ್ನೊಂದನೇ ಮನೆಯಲ್ಲಿ ದೀಪ ಹತ್ತುತ್ತದೆ. ಅದು ಗೇಟಪ್ಪನವರ ಒಡಹುಟ್ಟಿದ ಅಕ್ಕನ ಮನೆ. ಆ ದೀಪವನ್ನು ಒಂದು ಗಳಿಗೆ ನೋಡಿ, ತಲೆ ತಗ್ಗಿಸಿ, ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತಾರೆ. ಕಳೆದ ಮಳೆಗಾಲದಿಂದ ಅಕ್ಕ ಮಾತು ಬಿಟ್ಟಿದ್ದಾರೆ. ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿರುವುದು ಒಂದೇ ಸಂಗತಿ: ಗೇಟಿಗೆ ಇನ್ನೊಬ್ಬ ಆಳು ಬಾರದೆ ಈ ಸಲದ ಮಳೆ ಹಿಡಿದರೆ ತಾನು ಈ ಓಣಿಯಲ್ಲಿ ಇರುವವಳಲ್ಲ.

ಇಲ್ಲಿ ಮೂರು ಊರುಗಳು ಬೆಳೆದು ಬೆಳೆದು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ಪುರಸಭೆಯವರಿಗೆ ಬಿಟ್ಟರೆ ಯಾರಿಗೂ ಬೇಕಾಗಿಲ್ಲ. ಗೇಟಿನ ಪಕ್ಕದ ಕ್ಷೌರದಂಗಡಿಯಲ್ಲಿ ಕುರ್ಚಿ ಮೇಲಿನ ಊರಿನಲ್ಲಿದ್ದರೆ ಕನ್ನಡಿ ಕೆಳಗಿನ ಊರಿನಲ್ಲಿದೆ. ಕತ್ತರಿಸಿದ ಕೂದಲು ಯಾವ ಊರಿನ ಕಸ ಎಂದು ಎರಡು ಕಡೆಯ ಕಸದವರೂ ಮೂಸಿ ನೋಡಿ ಬಿಟ್ಟುಹೋಗುತ್ತಾರಂತೆ, ಹಾಗೆಂದು ಅಂಗಡಿಯವನ ದೂರು. ಮಳೆ ನೀರು ಮಾತ್ರ ಯಾವ ಪುರಸಭೆಯನ್ನೂ ಕೇಳದೆ ಇಳಿಜಾರು ಹಿಡಿಯುತ್ತದೆ.

ಮೇಲಿನ ಊರಿನವರು ಕೆರೆ ಮುಚ್ಚಿ ಬಸ್‌ಸ್ಟ್ಯಾಂಡ್ ಕಟ್ಟಿದ ವರ್ಷವೇ ಬಸ್ಸಿನ ಚಕ್ರ ಮುಳುಗುವಷ್ಟು ನೀರು ನಿಂತಿತು. ಆಮೇಲೆ ಮೂರು ಪುರಸಭೆಗಳೂ ಕೂತು ಒಂದು ಜಂಟಿ ಯೋಜನೆ ಮಾಡಿದವು. ಕಾಗದದ ಮೇಲೆ ಅದು ಚೊಕ್ಕವಾಗಿಯೇ ಇತ್ತು. ಮೇಲಿನ ಊರು ಗಡಿಯಲ್ಲಿ ಗೇಟು ಕಟ್ಟುವುದು, ಕೆಳಗಿನ ಊರು ಪಂಪು ಕೂರಿಸುವುದು, ಹೊಳೆದಂಡೆಯಲ್ಲಿರುವ ಮೂರನೇ ಊರು ತನ್ನ ಜಾಗದಲ್ಲಿ ಅಗಲವಾದ ಕಾಲುವೆ ತೋಡಿ ನೀರನ್ನು ಹೊಳೆಗೆ ಮುಟ್ಟಿಸುವುದು. ಮೂವರು ಅಧ್ಯಕ್ಷರೂ ಒಂದೇ ಗುದ್ದಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಒಂದು ಗುದ್ದಲಿಗೆ ಆರು ಕೈ ಬಿದ್ದರೆ ಮಣ್ಣು ಏಳುವುದಿಲ್ಲ ಎಂಬುದು ಆವತ್ತೇ ಕಂಡಿತ್ತು ಎಂದು ಓಣಿಯ ಹಿರಿಯರು ಈಗ ಹೇಳುತ್ತಾರೆ. ಆವತ್ತು ಅವರೂ ಚಪ್ಪಾಳೆ ಹೊಡೆದವರೇ.

ಗೇಟು ವರ್ಷದೊಳಗೆ ಎದ್ದಿತು. ಪಂಪು ಬಂದಿತು, ಆದರೆ ಅದಕ್ಕೆ ಕರೆಂಟು ಬರಬೇಕಾದ್ದು ಮೇಲಿನ ಊರಿನ ಕಂಬದಿಂದ. ಆ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ನಡೆದಾಡುತ್ತಿದೆ, ಪಂಪಿನೊಳಗೆ ಅಳಿಲು ಸಂಸಾರ ಹೂಡಿದೆ. ಮೂರನೇ ಊರಿನಲ್ಲಿ ಅಧ್ಯಕ್ಷರು ಬದಲಾದರು. ನಿಮ್ಮ ಕೊಳಕು ನೀರಿಗೆ ನಮ್ಮ ಊರೇಕೆ ದಾರಿ ಬಿಡಬೇಕು ಎಂದವರು, ಕಾಲುವೆಯ ಜಾಗದಲ್ಲಿ ಅಂಗಡಿ ಸಾಲು ಕಟ್ಟಿಸಿದರು. ಹೀಗಾಗಿ ಗೇಟು ತೆಗೆದರೆ ನೀರು ಹೊಳೆಗೆ ಹೋಗುವುದಿಲ್ಲ, ಓಣಿಗೆ ಹೋಗುತ್ತದೆ. ತೆಗೆಯದಿದ್ದರೆ ಬಸ್‌ಸ್ಟ್ಯಾಂಡ್ ಮುಳುಗುತ್ತದೆ. ಗೋಡೆಯ ಮೇಲೆ ಬಳಿದ ಕೆಂಪು ಪಟ್ಟಿಯನ್ನು ನೀರು ಮುಟ್ಟಿದಾಗ ತೆಗೆಯತಕ್ಕದ್ದು ಎಂಬ ಒಪ್ಪಂದ ಮಾತ್ರ ಕಲ್ಲಿನ ಹಾಗೆ ನಿಂತಿದೆ.

ಎರಡು ಬೀಗದ ಕತೆಯೂ ಆ ಒಪ್ಪಂದದ್ದೇ. ಮೇಲಿನವರು ಸಿಕ್ಕಾಪಟ್ಟೆ ತೆಗೆದಾರು ಎಂದು ಕೆಳಗಿನವರಿಗೆ ಅನುಮಾನ, ಕೆಳಗಿನವರು ತೆಗೆಯಲಿಕ್ಕೇ ಇಲ್ಲ ಎಂದು ಮೇಲಿನವರಿಗೆ. ಅದಕ್ಕೆ ಊರಿಗೊಂದು ಬೀಗ, ಊರಿಗೊಬ್ಬ ಆಳು. ಕೆಳಗಿನ ಪುರಸಭೆಯಲ್ಲಿ ಚರಂಡಿಯ ಹೂಳೆತ್ತುತ್ತಿದ್ದ ಗೇಟಪ್ಪನವರು ಇತ್ತ ಬಂದರು. ಮೇಲಿನ ಊರಿನಿಂದ ಬಂದವರಿಗೆ ಓಣಿಯವರು ದೊಡ್ಡಗಂಟಲು ಎಂದು ಹೆಸರಿಟ್ಟರು, ಏಕೆಂದರೆ ಅವರು ಗುಟ್ಟು ಹೇಳಿದರೂ ಎರಡು ಬೀದಿಗೆ ಕೇಳುತ್ತಿತ್ತು.

ಆ ಕಾಲದಲ್ಲಿ ನೀರು ಕೆಂಪು ಪಟ್ಟಿ ಮುಟ್ಟಿತೆಂದರೆ ಗೇಟಿನ ಮೇಲೆ ಜಗಳ ಹತ್ತುತ್ತಿತ್ತು. ತೆಗಿ ನಿನ್ನ ಬೀಗ, ನಮ್ಮೂರು ಮುಳುಗ್ತಿದೆ ಎಂದು ದೊಡ್ಡಗಂಟಲು. ತಡಿ ಮಾರಾಯ, ಓಣಿಯವರು ಎದ್ದೇಳಲಿ ಎಂದು ಗೇಟಪ್ಪ. ವಂಶದವರನ್ನೆಲ್ಲ ಎಳೆದು ತಂದು, ಒಬ್ಬರ ಅಜ್ಜನನ್ನು ಇನ್ನೊಬ್ಬರು ಬೈದು, ಅರ್ಧ ಗಂಟೆ ಕಳೆದ ಮೇಲೆ ಬೀಗ ತೆಗೆಯುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಓಣಿ ಎದ್ದಿರುತ್ತಿತ್ತು. ಹಿಟ್ಟಿನ ಡಬ್ಬ ಅಟ್ಟಕ್ಕೆ, ಹಾಸಿಗೆ ಮಂಚದ ಮೇಲಕ್ಕೆ, ಮಕ್ಕಳು ಎದುರು ಮನೆಯ ಮಹಡಿಗೆ. ಆಮೇಲೆ ಬಂದ ನೀರು ನೆಲ ತೊಳೆದುಕೊಂಡು ಹೋಗುತ್ತಿತ್ತು. ಜಂಟಿ ಯೋಜನೆಯಲ್ಲಿ ನೆಟ್ಟಗೆ ಕೆಲಸ ಮಾಡಿದ್ದು ಆ ಜಗಳ ಒಂದೇ.

ದೊಡ್ಡಗಂಟಲು ನಿವೃತ್ತಿಯಾದರು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಜಂಟಿ ಸಮಿತಿಯ ಇಂಜಿನಿಯರ್ ಬಂದು ನೀಲಿ ಟೋಪಿ, ಬೀಗದ ಕೈ ಎರಡನ್ನೂ ಗೇಟಪ್ಪನವರ ಕೈಲಿಟ್ಟರು. ಮೇಲಿನೂರಿನ ಬೀಗ ನಾನು ಹೇಗೆ ತೆಗೆಯಲಿ ಸ್ವಾಮಿ ಎಂದು ಇವರು ಕೇಳಿದ್ದಕ್ಕೆ ಸಿಕ್ಕ ಉತ್ತರ ಇಷ್ಟು: "ಟೋಪಿ ಬದಲಾಯಿಸ್ಕೊಳ್ಳಿ, ಮುಗೀತು."

ಕಳೆದ ಮಳೆಗಾಲದ ಒಂದು ನಸುಕು. ಕೆಂಪು ಪಟ್ಟಿ ಮುಳುಗಿ ನೀರು ಮೇಲೇರುತ್ತಿತ್ತು, ಮೇಲಿನ ಪುರಸಭೆಯಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ಗೇಟಪ್ಪ ನೀಲಿ ಹಾಕಿ ಒಂದು, ಹಸಿರು ಹಾಕಿ ಒಂದು ಬೀಗ ತೆಗೆದು ಚಕ್ರ ತಿರುಗಿಸಿದರು. ಹಲಗೆ ಎದ್ದು ನೀರು ಬೋರ್ಗರೆದು ಹೋದ ಮೇಲೆ ಏನೋ ಒಂದು ಕಡಿಮೆಯಾಗಿದೆ ಅನ್ನಿಸಿತಂತೆ. ಯಾರೂ ಕೂಗಿರಲಿಲ್ಲ. ಓಣಿಯಲ್ಲಿ ಒಂದು ದೀಪವೂ ಹತ್ತಿರಲಿಲ್ಲ.

"ಕೂಗೋಕೆ ಎದುರಿಗೊಬ್ಬ ಬೇಕಲ್ಲ. ಒಬ್ಬನೇ ಇದ್ದಾಗ ಬಾಯಿಗೆ ಕೆಲಸನೇ ಇರಲ್ಲ. ಹೊಳೀಲೇ ಇಲ್ಲ ನನಗೆ," ಎನ್ನುತ್ತಾರೆ ಗೇಟಪ್ಪ.

ಅವರು ಓಡಿದರು, ನೀರು ಮುಂದಿತ್ತು. ಹನ್ನೊಂದನೇ ಮನೆಯ ಭಾವ ಗಾರೆ ಕೆಲಸದವರು, ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು. ಮಂಚ ಹತ್ತಿಸಿ ಇಳಿಸುವುದು ಕಷ್ಟವೆಂದು ನೆಲದ ಮೇಲೇ ಹಾಸಿಗೆ. ನೀರು ಕಿವಿಗೆ ಬಂದಾಗ ಅವರಿಗೆ ಎಚ್ಚರ. ಅಕ್ಕನಿಗೆ ಅವರನ್ನು ಎತ್ತಲಾಗಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದು, ಅಕ್ಕಪಕ್ಕದವರು ಬರುವ ತನಕ ಕತ್ತಲೆಯಲ್ಲಿ ನೀರಿನಲ್ಲೇ ಕೂತಿದ್ದರು. ಹೊಲಿಯಲು ಕತ್ತರಿಸಿಟ್ಟಿದ್ದ ಸ್ಕೂಲು ಮಕ್ಕಳ ಬಟ್ಟೆ ಸುತ್ತ ತೇಲುತ್ತಿತ್ತು. ಬಾಗಿಲಲ್ಲಿ ತಮ್ಮ ಕಾಣಿಸಿದಾಗ ಅವರು ಬೈಯಲಿಲ್ಲ.

"ಎಷ್ಟು ಹೊತ್ತಿನ ಕೆಲಸ ಇತ್ತು ತಮ್ಮಾ, ಒಂದು ಸಲ ಕೂಗೋದು?" ಎಂದರು. ಅದೇ ಕೊನೆ, ಆಮೇಲೆ ಮಾತಿಲ್ಲ.

ಭಾವ ಉಳಿದರು. ಮೋಡ ಕಟ್ಟಿದ ದಿನ ಮಾತ್ರ ಈಗಲೂ ಮಲಗುವುದಿಲ್ಲ, ಕುರ್ಚಿಯಲ್ಲೇ ಬೆಳಗು ಮಾಡುತ್ತಾರೆ.

ವಿಚಾರಣೆ ನಡೆಯಿತು. ಚಕ್ರ ತಿರುಗಿಸುವಾಗ ಯಾವ ಟೋಪಿ ಇತ್ತು ಎಂದು ಗೇಟಪ್ಪನವರನ್ನು ಕೇಳಿದರು. ಹಸಿರು ಎಂದು ಇದ್ದದ್ದನ್ನು ಹೇಳಿದರು. ಹಾಗಿದ್ದರೆ ಅದು ಕೆಳಗಿನ ಊರಿನ ಆಳು ಮಾಡಿದ್ದು ಎಂದು ಮೇಲಿನವರು ಕೈ ತೊಳೆದುಕೊಂಡರು. ನಮ್ಮ ಆಳು ನಮ್ಮ ಓಣಿಯನ್ನೇ ಮುಳುಗಿಸಿದ ಮೇಲೆ ದೂರುವುದು ಯಾರನ್ನು ಎಂದು ಕೆಳಗಿನವರೂ ತೊಳೆದುಕೊಂಡರು. ಗೂಬೆ ಬಂದು ಕೂತದ್ದು ಎರಡು ಟೋಪಿ ಹಾಕುವ ಒಂದು ತಲೆಯ ಮೇಲೆ. ಓಣಿಯ ಟೀ ಅಂಗಡಿಯಲ್ಲಿ ಗೇಟಪ್ಪ ಬಂದರೆ ಈಗ ಬೆಂಚು ಖಾಲಿಯಾಗುತ್ತದೆ. ಯಾವೂರಿನ ಲೆಕ್ಕದಲ್ಲಿ ಕೊಡಲಿ ಟೀ ಎಂದು ಅಂಗಡಿಯವನು ಕೇಳುತ್ತಾನೆ, ಮುಖ ನೋಡದೆ.

ಸುಮ್ಮನೆ ಕೂರಲಿಲ್ಲ ಅವರು. ಸೀಟಿ ಊದಿ ನೋಡಿದರು. ಯಾರೂ ಏಳಲಿಲ್ಲ; ಬಸ್‌ಸ್ಟ್ಯಾಂಡಿನ ಪಕ್ಕದ ಓಣಿಗೆ ಸೀಟಿ ಹೊಸದೇನಲ್ಲ, ಕಂಡಕ್ಟರುಗಳು ಬೆಳಗಿನಿಂದ ಊದುವುದು ಅದನ್ನೇ. ಅದೇ ಮಳೆಗಾಲದ ಮುಂದಿನ ಮಳೆಗೆ ಇನ್ನೊಂದು ಉಪಾಯ ಮಾಡಿದರು. ನೀಲಿ ಟೋಪಿ ಹಾಕಿ "ತೆಗಿಯೋ ಬೀಗ" ಎಂದು ಒದರುವುದು, ಹಸಿರು ಹಾಕಿ "ತೆಗಿಯಲ್ಲ ಹೋಗೋ" ಎಂದು ಒದರುವುದು. ಮನೆಮನೆಯಲ್ಲೂ ಎದ್ದರು, ಸಾಮಾನೂ ಎತ್ತಿಟ್ಟರು. ಬೆಳಿಗ್ಗೆ ಎಳೆ ಹುಡುಗರೆಲ್ಲ ಬಟ್ಟಲು ತಲೆಗಿಟ್ಟುಕೊಂಡು ಅದೇ ಆಟ ಆಡಿದರು. ವಾರದೊಳಗೆ ನೋಟಿಸು ಬಂದಿತು. ಕೆಲಸದ ವೇಳೆಯಲ್ಲಿ ಕುಡಿದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ ಎಂದು ಯಾರೋ ಅರ್ಜಿ ಕೊಟ್ಟಿದ್ದರು. ತಡಮಾಡಿ ತೆಗೆದದ್ದಕ್ಕೆ ಮೇಲಿನ ಊರಿನಿಂದ ಬೇರೆ ಒಂದು ನೋಟಿಸು.

"ಇಬ್ಬರಿದ್ದಾಗ ತಡ ಆದ್ರೆ ಅವನು ಬೀಗ ತೆಗೀಲಿಲ್ಲ ಅನ್ನಬಹುದಿತ್ತು. ಈಗ ಯಾರನ್ನ ತೋರಿಸ್ಲಿ?"

ಈ ಬೇಸಿಗೆಯೆಲ್ಲ ಇನ್ನೊಬ್ಬ ಆಳಿಗಾಗಿ ಅಲೆದಿದ್ದಾರೆ. ಬೇಕಾದ್ದು ನೀಲಿ ಟೋಪಿಗೆ ತಾನೆ, ಮೇಲೆ ಹೋಗಿ ಕೇಳು ಎಂದರು ಕೆಳಗಿನವರು. ಕಷ್ಟ ಓಣಿಯದು ತಾನೆ, ಕೆಳಗೆ ಕೇಳು ಎಂದರು ಮೇಲಿನವರು. ಜಂಟಿ ಸಮಿತಿ ತೀರ್ಮಾನಿಸಬೇಕೆಂದರೆ ಮೂರೂ ಊರಿನವರು ಇರಬೇಕು, ಮೂರನೆಯವರು ಬರುವುದಿಲ್ಲ.

ಅಲೆದಾಟದ ನಡುವೆ ಒಂದು ದಿನ ದೊಡ್ಡಗಂಟಲು ಸಿಕ್ಕರು. ಮೇಲಿನ ಊರಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದರು, ಗಂಟಲಿಗೇ ಏನೋ ಆಗಿ ದನಿ ಉಡುಗಿದೆ. ಆ ಜಗಳಗಳ ಮಾತು ಬಂತು. ಎಷ್ಟು ಕಾಡಿಸುತ್ತಿದ್ದೆಯಲ್ಲೋ ನೀನು ಎಂದು ಗೇಟಪ್ಪ ನಕ್ಕರು. ಅವರು ಕಿವಿಯ ಹತ್ತಿರ ಬಾಯಿ ತಂದರು.

"ನಿಮ್ಮಕ್ಕನ ಮನೆ ದೀಪ ಹತ್ತಲಿ ಅಂತ ಬೈತಿದ್ದೆ ಕಣೋ. ಹತ್ತಿದ ಕೂಡ್ಲೇ ಜಗಳ ಬಿಟ್ಟು ಬೀಗಕ್ಕೆ ಕೈ ಹಾಕ್ತಿದ್ದೆ, ನೋಡಿಲ್ವಾ?"

ನೋಡಿರಲಿಲ್ಲ. ತನ್ನ ಹಟದಿಂದಲೇ ಓಣಿ ಉಳಿಯುತ್ತಿತ್ತು ಎಂದು ಅಷ್ಟು ವರ್ಷ ತಿಳಿದಿದ್ದರು. ಆವತ್ತು ಗೇಟಿನ ತನಕ ನಡೆದುಕೊಂಡೇ ಬಂದರಂತೆ, ಬಸ್ಸು ಹತ್ತಲು ಮನಸ್ಸಾಗಲಿಲ್ಲವಂತೆ.

ಎರಡು ಬೀಗಕ್ಕೆ ಗ್ರೀಸು ಹಚ್ಚಿದ ಆ ಬೆಳಗಾಗಿ ವಾರದೊಳಗೆ, ಒಂದು ಸೋಮವಾರ, ಕೊನೆಗೂ ಸಮಿತಿ ಸೇರಿತು, ಮೂರನೇ ಊರಿನವರೂ ಬಂದರು. ಮಂಗಳವಾರ ಬೆಳಿಗ್ಗೆ ಗೇಟಿನ ಬಳಿ ಎರಡು ಕಾರು ನಿಂತವು. ಒಬ್ಬನೇ ಆಳಿಗೆ ಎರಡು ಬೀಗ ತೊಂದರೆಯಾಗುತ್ತಿದೆ ಎಂಬ ಅಹವಾಲನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ ಎಂದು ಇಂಜಿನಿಯರ್ ಓದಿ ಹೇಳಿದರು. ಎರಡೂ ಬೀಗ ಬಿಚ್ಚಿ ಹೊಸದೊಂದನ್ನು ಹಾಕಿದರು. ಮೂರೂ ಊರಿನ ಹೆಸರಿರುವ ಬಿಳಿ ಟೋಪಿಯೊಂದನ್ನು ಗೇಟಪ್ಪನವರ ತಲೆಗಿಟ್ಟು ಫೋಟೋ ತೆಗೆದರು. ಇನ್ನು ಅರೆಗಳಿಗೆಯಲ್ಲಿ ಗೇಟು ತೆಗೆಯಬಹುದು ಎಂದು ಅಧ್ಯಕ್ಷರೊಬ್ಬರು ಬೆನ್ನು ತಟ್ಟಿದರು.

ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಹನ್ನೊಂದನೇ ಮನೆಯ ಬಾಗಿಲು ಮುಚ್ಚಿಕೊಂಡಿತು.

ಮಾರನೆಯ ದಿನ ಒಂದು ಸಾಮಾನಿನ ಗಾಡಿ ಓಣಿಯಿಂದ ಹತ್ತಿ ಗೇಟಿನ ಪಕ್ಕ ಹಾದು ಬಂದಿತು. ಮುಂದೆ ಕುರ್ಚಿಯಲ್ಲಿ ಹಗ್ಗ ಬಿಗಿದುಕೊಂಡು ಭಾವ, ಹಿಂದೆ ಪಾತ್ರೆ, ಹಾಸಿಗೆ, ತುಕ್ಕು ಹಿಡಿದ ಹೊಲಿಗೆ ಮಿಷನ್ನು. ಅಕ್ಕ ಗಾಡಿಯ ಪಕ್ಕ ನಡೆದು ಬರುತ್ತಿದ್ದವರು ಚಕ್ರದ ಹತ್ತಿರ ನಿಂತರು. ಗೇಟಪ್ಪ ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೇಲಿನ ಊರಿನಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಸಿಕ್ಕಿದೆ, ನೆಲದ ಮಟ್ಟದ್ದು, ಮೆಟ್ಟಿಲಿದ್ದರೆ ಇವರಿಗೆ ಆಗುವುದಿಲ್ಲ ಎಂದು ಅಕ್ಕ ಹೇಳಿದರು, ದಾರಿಹೋಕರಿಗೆ ಹೇಳುವ ಹಾಗೆ. ಕಳೆದ ಮಳೆಗಾಲದ ಮೇಲೆ ಆಡಿದ ಮೊದಲ ಮಾತು. ಗಾಡಿ ಹೊರಟಿತು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

"ಈ ಸಲ ತಡ ಮಾಡ್ಬೇಡಪ್ಪ. ಬೇಗ ತೆಗಿ."

ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಗೇಟಪ್ಪ ಹೊಸ ಬೀಗವನ್ನು ಎತ್ತಿ ನೋಡಿ ಬಿಡುತ್ತಾರೆ. ಸಂಬಳ ಸಾಲದು ಎನ್ನುವುದಿಲ್ಲ, ಗೂಡು ಸೋರುತ್ತದೆ ಎನ್ನುವುದಿಲ್ಲ. "ಎದುರಿಗೊಬ್ಬ ಇರಲಿ. ನನ್ನ ಕೈ ಹಿಡಿದು ಬೇಡ ಅನ್ನೋನು. ಇಲ್ಲ, ನಾನು ಬೇಡ ಅಂದ್ರೆ ಬಾಯಿಗೆ ಬಂದ ಹಾಗೆ ಬೈಯೋನು. ಯಾವ ಊರವನಾದ್ರೂ ಆಗ್ಲಿ," ಎನ್ನುತ್ತಾರೆ.

ಬೆಳಗಿನ ಐದೂವರೆಗೆ ಈಗಲೂ ಗ್ರೀಸ್ ಡಬ್ಬಿ ಹಿಡಿದು ನಿಲ್ಲುತ್ತಾರೆ. ಓಣಿಯ ಕಡೆ ನೋಡುವ ಅಭ್ಯಾಸ ಬಿಟ್ಟಿಲ್ಲ. ಎಡಗಡೆಯ ಹನ್ನೊಂದನೇ ಮನೆಯಲ್ಲಿ ದೀಪ ಹತ್ತುವುದಿಲ್ಲ. ಅಲ್ಲಿದ್ದವರು ಹೋದದ್ದು ಬುಧವಾರ.