ಹೆಸರಿಲ್ಲದ ಮೀನಿಗೆ ಒಂದು ಮನೆ

ಹೋದ ವಾರ ಈ ಜಾಗದಲ್ಲಿ ನನ್ನ ಬರಹದ ಬದಲು ಹಲ್ಲುಪುಡಿಯ ಜಾಹೀರಾತು ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಅಂಕಣಕಾರರಿಗೆ ಅನಾರೋಗ್ಯ' ಎಂದು ಸಂಪಾದಕರು ಹಾಕಿಸಿದ್ದರು. ಶುದ್ಧ ಸುಳ್ಳು. ನಾನು ಗಟ್ಟಿಮುಟ್ಟಾಗಿಯೇ ಇದ್ದೆ. ಅನಾರೋಗ್ಯವಿದ್ದದ್ದು ನಮ್ಮ ಮನೆಯ ಮೀನಿಗೆ.

ಲಿಂಗಪೂಜೆಯ ಮನೆಯಲ್ಲಿ ಮೀನೇ ಎನ್ನುತ್ತೀರಿ. ಸವಣೂರಿನ ನಮ್ಮ ಓಣಿಯೆಲ್ಲ ಅದನ್ನೇ ಕೇಳಿತು.

ಕೋರ್ಟಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ರೈಲು ಲೇಟ್. ಸ್ಟೇಶನ್ ಹತ್ತಿರ ಗಿಳಿ, ಪಾರಿವಾಳ ಮಾರುವ ಅಂಗಡಿಗೆ ಸುಮ್ಮನೆ ಹೊಕ್ಕೆ. ಅಲ್ಲಿ ಬಣ್ಣದ ಮೀನುಗಳ ನಡುವೆ ಕರ್ರಗಿನ ಒಂದು ಮೀನು ತಳದಲ್ಲಿ ಕುಳಿತಿತ್ತು. ಬಾಯಿಯ ಎರಡೂ ಕಡೆ ಉದ್ದನೆಯ ಮೀಸೆ. ನಮ್ಮ ಮಾಮಲೇದಾರರ ಮೀಸೆಯೂ ಅಷ್ಟು ಭರ್ಜರಿಯಾಗಿಲ್ಲ.

"ಇದರ ಹೆಸರೇನಪಾ?" ಎಂದೆ.

"ಯಾಂವಗ ಗೊತ್ತ್ರೀ ಸಾಹೇಬ್ರ? ಮುಂಬೈದಿಂದ ಬಣ್ಣದ ಮೀನಿನ ಜೋಡಿ ತಪ್ಪಿ ಬಂದೈತಿ. ಯಾರೂ ಒಲ್ಲೆ ಅಂತಾರ. ನೀವರ ಒಯ್ರಿ," ಎಂದ ಅಂಗಡಿಯವ.

ಯಾರೂ ಒಲ್ಲೆನ್ನುವ ಮಾತಿಗೆ ಕರಗಿಬಿಟ್ಟೆ. ಗಾಜಿನ ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು, ಟಾಂಗಾದಲ್ಲಿ ಮನೆ ಸೇರಿದೆ.

ನಮ್ಮ ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಹೆಂಡತಿ ನೀಲವ್ವ. (ಮಕ್ಕಳಾಗಲಿಲ್ಲ. ಆ ವಿಷಯ ಇಷ್ಟಕ್ಕೇ ಬಿಡೋಣ.) ಊಟಕ್ಕೆ ಬರ್ರಿ, ದೀಪ ಹಚ್ಚೇನಿ, ಬಾಗಿಲ ಹಾಕ್ರಿ. ಎಷ್ಟೋ ವರ್ಷಗಳಿಂದ ನಮ್ಮಿಬ್ಬರ ಮಾತು ಇಷ್ಟೇ ಆಗಿತ್ತು. ಆ ದಿನ ಮಾತ್ರ ಆಕೆ ಬಾಯಿ ತೆರೆದು ಜಗಳಾಡಿದಳು.

"ತಲಿಗಿಲಿ ಕೆಟ್ಟೈತೇನ್ರೀ ನಿಮಗ? ದೇವರ ಮನಿ ಐತಿ, ಮೀನ ತಂದೀರಿ! ನಾಳಿಗೆ ನಮ್ಮ ಮನೀ ನೀರ ಯಾರ ಕುಡೀತಾರ?"

ಬೆಳಗಾಗುವುದರೊಳಗೆ ಹೊರಗೆ ಹಾಕುತ್ತೇನೆ ಎಂದೆ. ಬೆಳಗ್ಗೆ ಎದ್ದು ನೋಡಿದರೆ ಬರಣಿಯ ಮುಂದೆ ಆಕೆಯೇ ಕುಳಿತಿದ್ದಾಳೆ. "ಇದೇನ ತಿಂತೈತ್ರಿ? ರೊಟ್ಟಿ ಚೂರ ಹಾಕಿದೆ, ಮೂಸೂ ನೋಡವಲ್ದು," ಎಂದಳು. ಬೇಳೆ, ಅವಲಕ್ಕಿ, ಸಜ್ಜಕ, ಎಲ್ಲ ಆಯಿತು. ಯಾವುದೂ ಬೇಡ. ಕಡೆಗೆ ನಮ್ಮ ನೀಲವ್ವ, ಮೊಟ್ಟೆ ಎಂಬ ಶಬ್ದವನ್ನೂ ಬಾಯಲ್ಲಿ ತಾರದವಳು, ಹಿತ್ತಲಲ್ಲಿ ಕೆದರಿ ಎರೆಹುಳ ಹಿಡಿದಳು. "ಶಿವನಽ, ಈ ಪಾಪ ನಂದು, ಅದಕ್ಕ ಹಚ್ಚಬ್ಯಾಡಪಾ," ಎನ್ನುತ್ತ ಬರಣಿಗೆ ಬಿಟ್ಟಳು. ಮೀನು ಗಬಕ್ಕನೆ ನುಂಗಿತು. ಆಕೆ ನಕ್ಕಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತು!

ಅಂದಿನಿಂದ ಮೀನಿನ ಜೊತೆ ದಿನವಿಡೀ ಮಾತು. ಅದು ಮುಗಿದ ಮೇಲೆ ನನ್ನ ಜೊತೆಗೂ ನಾಲ್ಕು ಮಾತು. ಇದನ್ನು ಹೇಗಾದರೂ ಉಳಿಸಿಕೊಳ್ಳಬೇಕಲ್ಲ?

ಆದರೆ ಬರಣಿ ಸಣ್ಣದು. ಮೀನು ಮತ್ತೆ ಮತ್ತೆ ಮೇಲೆ ಬಂದು ಬಾಯಿ ಕಳೆಯುತ್ತಿತ್ತು. ಯುದ್ಧದ ಈ ಕಾಲದಲ್ಲಿ ಗಾಜಿನ ತೊಟ್ಟಿ ಯಾರು ಕೊಡುತ್ತಾರೆ? ಕಂದೀಲಿನ ಗಾಜಿಗೇ ಬಡಿದಾಟ. ಹಿತ್ತಲಿನ ಕಲ್ಲಿನ ಬಾನಿಗೆ ಬಿಡೋಣವೆಂದರೆ ಎಮ್ಮೆ ನೀರು ಕುಡಿಯುವುದು ಅಲ್ಲೇ. ಆಗ ನೀಲವ್ವ ಅಟ್ಟದಿಂದ ತವರಿನ ತಾಮ್ರದ ಹಂಡೆ ಇಳಿಸಿದಳು. ಹಬ್ಬಕ್ಕೆ ಮಾತ್ರ ಇಳಿಯುವ ಹಂಡೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಬೆಳಗಿ, ಮಡಿನೀರು ತುಂಬಿ, ಮೀನನ್ನು ಬಿಟ್ಟಳು. ದಿನಾ ಬೆಳಗುವುದು, ದಿನಾ ಹೊಸ ನೀರು.

ದಿನದಿನಕ್ಕೆ ಮೀನು ಮಂಕಾಯಿತು. ಹುಳ ಹಾಕಿದರೂ ಒಲ್ಲೆಂದಿತು.

ಯಾವ ಜಾತಿಯ ಮೀನೆಂದು ತಿಳಿದರಲ್ಲವೇ ಅದಕ್ಕೇನು ಬೇಕೆಂದು ತಿಳಿಯುವುದು? ಮೀನು ತಿನ್ನದ ನಮಗೆ ಮೀನಿನ ಹೆಸರು ಹೇಗೆ ಗೊತ್ತಿರಬೇಕು? ಬಂಕಾಪುರದ ಗೆಳೆಯ ಹುಸೇನಸಾಬರನ್ನು ಕರೆಸಿದೆ. ಹಂಡೆಯೊಳಗೆ ಬಗ್ಗಿ ನೋಡಿದರು.

"ನೀರಾಗ ಇದ್ದಾಗ ಎಲ್ಲಾ ಒಂದಽ ಥರಾ ಕಾಣತಾವ್ರಿ ವಕೀಲಸಾಬ್. ನಮ್ಮ ಮನೀ ತವಾದ ಮ್ಯಾಲ ಬರಲಿ, ಒಂದ ತುತ್ತಿನಾಗ ಹೆಸರ ಹೇಳ್ತೇನಿ!" ಎಂದರು. ಬಾಗಿಲಲ್ಲಿ ನಿಂತ ನೀಲವ್ವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರೀ ಅಕ್ಕಾರ, ಚಾಷ್ಟಿ ಮಾಡಿದೆ."

ಕಡೆಗೆ ಧಾರವಾಡಕ್ಕೆ ಓಡಿದೆ. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪ್ರೊಫೆಸರರ ಮನೆಗೆ ಹೋಗಿ, ಮೀಸೆಯಿಂದ ಬಾಲದವರೆಗೆ ಬಣ್ಣಿಸಿದೆ.

"ಬಾಯಿಮಾತಿನ್ಯಾಗ ಗುರ್ತ ಹತ್ತಂಗಿಲ್ರಿ. ಸ್ಪಿರಿಟ್‌ನ್ಯಾಗ ಹಾಕಿ ಕಳಸ್ರಿ. ಹಲ್ಲ ನೋಡಿ, ಮುಳ್ಳ ಎಣಿಸಿ ಹೇಳ್ತೇನಿ," ಎಂದರು.

"ಅದು ಜೀವಂತ ಐತ್ರಿ."

"ಅದಕ್ಕಽ ಸ್ಪಿರಿಟ್ ಅಂದೆ."

ತಿಂದು ಹೇಳುವವರಿದ್ದಾರೆ, ಕೊಯ್ದು ಹೇಳುವವರಿದ್ದಾರೆ. ಬದುಕಿರುವಾಗ ಗುರುತು ಹಿಡಿಯುವವರು ಒಬ್ಬರೂ ಇಲ್ಲವೇ? ಮೀನಿನ ಮಾತಷ್ಟೇ ಏಕೆ? ನಮ್ಮ ಊರುಗಳಲ್ಲಿ ಮನುಷ್ಯನ ಗುಣ ನಾಲ್ಕು ಜನರ ಬಾಯಿಗೆ ಬರುವುದು ಯಾವಾಗ? ಹೊತ್ತುಕೊಂಡು ಹೊರಟಾಗ.

ಏಳುವ ಹೊತ್ತಿಗೆ ಪ್ರೊಫೆಸರರು ಸುಮ್ಮನೆ ಕೇಳಿದರು: "ಎದರಾಗ ಇಟ್ಟೀರಿ?"

"ತಾಮ್ರದ ಹಂಡೇದಾಗ್ರಿ. ದಿನಾ ಬೆಳಗತೇವಿ."

ಅವರು ಕನ್ನಡಕ ತೆಗೆದರು. "ತಾಮ್ರ ಮೀನಿಗೆ ವಿಷ. ಬೆಳಗಿದಷ್ಟೂ ವಿಷ. ಮೊದಲ ಹೋಗಿ ತಗೀರಿ."

ರೈಲು, ಟಾಂಗಾ, ಕಡೆಗೆ ಓಟ. ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹಂಡೆ ಅಂದು ಎಂದಿಗಿಂತ ಹೆಚ್ಚು ಹೊಳೆಯುತ್ತಿತ್ತು. ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಪಕ್ಕದಲ್ಲಿ ನೀಲವ್ವ ಕುಳಿತಿದ್ದಳು. ಆಕೆಯ ಕೈಗೆ ಹುಣಸೆಯ ಹಿಪ್ಪೆ ಇನ್ನೂ ಅಂಟಿಕೊಂಡಿತ್ತು.

"ನಾ ಏನರ ಕಡಿಮಿ ಮಾಡಿದೆನೇನ್ರಿ?" ಎಂದಳು.

"ಇಲ್ಲ," ಎಂದೆ. ತಾಮ್ರದ ಮಾತು ಹೇಳಲಿಲ್ಲ. ಹೇಗೆ ಹೇಳಲಿ? (ಆಕೆಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ. ಸವಣೂರಿನ ಓದುಗರೇ, ಕೈಮುಗಿಯುತ್ತೇನೆ, ಆಕೆಗೆ ಇದನ್ನು ಓದಿ ಹೇಳಬೇಡಿ.)

ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಎಂದು, "ಧಾರವಾಡಕ್ಕ ಕಳಿಸಿದರ ಈಗ ಇದರ ಹೆಸರ ಹೇಳ್ತಾರಂತ," ಎಂದೆ.

ನೀಲವ್ವ ತಲೆ ಎತ್ತಲಿಲ್ಲ. "ಹೆಸರ ಗೊತ್ತಾದ ಮ್ಯಾಲ ಯಾರನ್ನ ಕೂಗ್ಲಿ?"